ಉತ್ತರ ಕನ್ನಡದ ದ್ವೀಪದಲ್ಲಿ ಸಂಸಾರ ಹೂಡಬಹುದೇ? ಕುರ್ವೆಯಲ್ಲಿರುವವಳ ಉತ್ತರ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಗೋಕರ್ಣಕ್ಕೆ ಬಂದವರು ತದಡಿಯಲ್ಲಿ ದೋಣಿ ಹತ್ತಿ ಹೊಳೆ ಸುತ್ತಿದಿರಿ, ತೆಂಗು ತುಂಬಿದ ಒಂದು ನಡುಗಡ್ಡೆ ಕಂಡಿರಿ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಆರು ಮತ್ತು ಹತ್ತು ವರ್ಷದ ಮಕ್ಕಳನ್ನು ಕರೆದುಕೊಂಡು ಅಂಥ ಕಡೆ ಬಂದು ಇರಬಹುದೇ, ಕೆಲಸ ಹೇಗೂ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ ಎಂದು ಕೇಳಿದ್ದೀರಿ. ನಾನು 2019ರ ಜೂನ್‌ನಿಂದ ಅಂಥದೇ ಒಂದು ಕಡೆ ಗಂಡ, ಅತ್ತೆ, ಎರಡು ಮಕ್ಕಳ ಜೊತೆ ಇದ್ದೇನೆ. ಇರಬಹುದು. ಆದರೆ ನೀವು ಕೇಳಿದ್ದೆಲ್ಲ ದೃಶ್ಯ, ಗಾಳಿ, ಇಂಟರ್‌ನೆಟ್ಟಿನ ಬಗ್ಗೆ. ಕುಡಿಯುವ ನೀರಿನ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ನಮ್ಮ ಜಿಲ್ಲೆಯಲ್ಲಿ ದ್ವೀಪ ಎಂದರೆ ಹೊರಗಿನವರಿಗೆ ನೆನಪಾಗುವುದು ಸಮುದ್ರದೊಳಗಿನವು: ಕಾರವಾರದ ಕೂರ್ಮಗಡ, ದೀಪಸ್ತಂಭ ಇರುವ ದೇವಗಡ, ಹೊನ್ನಾವರದ ಬಸವರಾಜದುರ್ಗ, ಮುರ್ಡೇಶ್ವರದಾಚೆಯ ನೇತ್ರಾಣಿ. ಅಲ್ಲಿ ಯಾರೂ ಸಂಸಾರ ಹೂಡಿಲ್ಲ. ಕೂರ್ಮಗಡಕ್ಕೆ ಜನವರಿಯಲ್ಲಿ ನರಸಿಂಹ ದೇವರ ಜಾತ್ರೆಗೆ ಜನ ಹೋಗಿ ಅಂದೇ ತಿರುಗಿ ಬರುತ್ತಾರೆ. ಜನ ಬದುಕುವ ದ್ವೀಪಗಳು ಹೊಳೆಯೊಳಗೆ, ಅಳಿವೆಗೆ ಹತ್ತಿರ ಇರುವವು. ಕುಮಟಾ, ಹೊನ್ನಾವರ ಕಡೆ ಅವಕ್ಕೆ ಕುರ್ವೆ ಎನ್ನುತ್ತಾರೆ: ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ಕಾರವಾರಕ್ಕೆ ಹೋದರೆ ಅದೇ ಕೊಂಕಣಿಯಲ್ಲಿ ಜೂಗ ಆಗುತ್ತದೆ, ಕಾಳಿ ಹೊಳೆಯ ಖಾರ್ಗೆಜೂಗದ ಹಾಗೆ. ನೀವು ನೋಡಿದ್ದೂ ಒಂದು ಕುರ್ವೆಯೇ ಇರಬೇಕು. ನಮ್ಮದು ಇವೆಲ್ಲಕ್ಕಿಂತ ಸಣ್ಣದು, ಮೂವತ್ತಕ್ಕೂ ಕಡಿಮೆ ಮನೆ, ಅಘನಾಶಿನಿಯಲ್ಲಿದೆ. ಹೆಸರು ಬೇಡ, ನಾಳೆ ಯಾರಾದರೂ ರೆಸಾರ್ಟ್ ಕಟ್ಟಲು ಹುಡುಕಿಕೊಂಡು ಬಂದಾರು.

ನಾನು ಘಟ್ಟದ ಮೇಲಿನವಳು, ಶಿರಸಿಯವಳು. ಅಘನಾಶಿನಿ ಹುಟ್ಟುವುದು ನಮ್ಮೂರ ಶಂಕರಹೊಂಡದಲ್ಲಿ ಎನ್ನುತ್ತಾರೆ, ಅಂದರೆ ಹೊಳೆಯ ತಲೆಯಲ್ಲಿ ತವರು, ಬಾಯಿಯಲ್ಲಿ ಗಂಡನ ಮನೆ. ಹನ್ನೊಂದು ವರ್ಷ ಇಬ್ಬರೂ ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ, ಮಾವ ತೀರಿಕೊಂಡ ಮೇಲೆ ಅತ್ತೆ ಊರು ಬಿಟ್ಟು ಬರಲು ಒಪ್ಪದ್ದರಿಂದ ನಾವೇ ಇಲ್ಲಿಗೆ ಬಂದೆವು. ಸುತ್ತ ನೀರು ನೋಡಿ, ಇನ್ನು ನೀರಿನ ಚಿಂತೆ ಇಲ್ಲ ಎಂದುಕೊಂಡಿದ್ದೆ. ಶಿರಸಿಯವರಿಗೆ ನೀರು ಎಂದರೆ ಸಿಹಿನೀರೇ, ಇನ್ನೊಂದು ಬಗೆ ಇರುತ್ತದೆಂದೇ ನಮಗೆ ಹೊಳೆಯುವುದಿಲ್ಲ.

ಕುರ್ವೆಯ ಬಾವಿ ಹೇಗೆ ಎಂದರೆ, ಮಳೆಗಾಲದಲ್ಲಿ ನೆಲಕ್ಕೆ ಇಳಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಆ ಕೆನೆ ಅಕ್ಟೋಬರಿನಲ್ಲಿ ದಪ್ಪ, ಎಪ್ರಿಲಿನಲ್ಲಿ ತೆಳು. ಕೊಡಪಾನ ಇಳಿಸಿ ಸೇದಿದರೆ ಮೇಲಿನದು ಮಾತ್ರ ಬರುತ್ತದೆ. ಇದು ಗೊತ್ತಿಲ್ಲದೆ ನಾವು ಎರಡನೇ ವರ್ಷ ಒಂದು ಎಚ್‌ಪಿ ಮೋಟರ್ ಕೂರಿಸಿ, ಮೆಣಸಿನ ಗಿಡ, ಹರಿವೆ ಮಡಿಗೆಲ್ಲ ಪೈಪು ಎಳೆದೆವು. ನಮ್ಮವರಿಗೆ ಭಾರೀ ಖುಷಿ, ದಿನಾ ಒಂದು ತಾಸು ಓಡಿಸಿದರು. ಫೆಬ್ರವರಿ ಮುಗಿಯುವ ಮೊದಲೇ ಚಹಾ ಉಪ್ಪಾಯಿತು, ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಯಲಿಲ್ಲ. ನಮ್ಮ ಬಾವಿ ಹಾಳಾದದ್ದು ನಮ್ಮ ಕರ್ಮ, ಪಕ್ಕದ ಮನೆಯವರ ಬಾವಿಯೂ ಕೆಟ್ಟಿತು. ಅವರು ಎರಡು ತಿಂಗಳು ನಮ್ಮ ಹತ್ತಿರ ಮಾತು ಬಿಟ್ಟಿದ್ದರು, ತಪ್ಪೇನಿಲ್ಲ. ಅತ್ತೆ ಬೈಯಲಿಲ್ಲ. “ಬಾವಿ ಸೇದೂಕೆ ಇರೂದು, ಹೀರೂಕಲ್ಲ” ಎಂದು ಹಗ್ಗ ತಂದು ಮತ್ತೆ ಗಡಗಡೆಗೆ ಹಾಕಿದರು. ಮುಂದಿನ ಮಳೆಗಾಲ ಪೂರ್ತಿ ಸುರಿದ ಮೇಲೇ ಆ ನೀರು ಮೊದಲಿನ ಹಾಗಾಯಿತು.

ಈಗ ಏನು ಮಾಡುತ್ತೇವೆ? ಮಾಡಿನ ನೀರು ಹಿಡಿಯುತ್ತೇವೆ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಸಾವಿರ ಚದರಡಿ ಮಾಡು ಇದ್ದರೆ ಅದರ ಮೇಲೆ ಸುರಿಯುವುದೇ ಎರಡೂವರೆ ಲಕ್ಷ ಲೀಟರಿಗೆ ಮಿಕ್ಕಿ. ಅಷ್ಟೂ ಹೊಳೆಗೆ ಬಿಟ್ಟು ಎಪ್ರಿಲಿನಲ್ಲಿ ಆಚೆ ದಡಕ್ಕೆ ಟ್ಯಾಂಕರ್ ಬಂತೇ ಎಂದು ಕೊಡ ಹಿಡಿದು ಕಾಯುವುದು ಎಂಥ ಬುದ್ಧಿವಂತಿಕೆ! ಹತ್ತು ಸಾವಿರ ಲೀಟರಿನ ಸಿಮೆಂಟ್ ತೊಟ್ಟಿ ಕಟ್ಟಿಸಿ, ಸೆಪ್ಟೆಂಬರಿನ ಕೊನೆಯ ಮಳೆಗಳನ್ನು ಹಿಡಿದು, ಬೆಳಕು ಬೀಳದ ಹಾಗೆ ಮುಚ್ಚಿಡುತ್ತೇವೆ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ಐವತ್ತು ಲೀಟರ್ ಹಿಡಿದರೂ ಬೇಸಿಗೆ ದಾಟುತ್ತದೆ. ಮೀಯಲು, ಒಗೆಯಲು ಬಾವಿಯದೇ. ಸೋಪು ನೊರೆ ಬರುವುದಿಲ್ಲ, ಕೂದಲು ನಾರಾಗುತ್ತದೆ. ನೀವು ಮನೆ ನೋಡಲು ಬಂದಾಗ ಕೋಣೆ ಎಷ್ಟು ಎಂದು ಎಣಿಸುವ ಮೊದಲು ಮಾಡಿನ ಹರನಾಳ ಎಲ್ಲಿಗೆ ಬೀಳುತ್ತದೆ ನೋಡಿ.

ನೀರಿನ ಮಾತು ಇಲ್ಲಿಗೇ ಮುಗಿಯುವುದಿಲ್ಲ, ಯಾಕೆಂದರೆ ಹೊಳೆಯಲ್ಲೂ ಇದೇ ಜಗಳ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಬಂತು. ವಿದ್ಯುತ್ತಿಗೆಂದು ವರ್ಷವಿಡೀ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಅಲ್ಲಿ ಸಿಹಿನೀರು ಕೆಳಕ್ಕೆ ಬರುತ್ತಲೇ ಇರುತ್ತದೆ. ಅಘನಾಶಿನಿಗೆ ದೊಡ್ಡ ಆಣೆಕಟ್ಟು ಒಂದೂ ಇಲ್ಲ. ಮಳೆ ನಿಂತು ಹೊಳೆ ಬಡವಾದ ಹಾಗೆ ಸಮುದ್ರ ಮೇಲೆ ಮೇಲೆ ಹತ್ತುತ್ತದೆ. ಆ ಉಪ್ಪಿನಿಂದಲೇ ಬಳಚು ಎನ್ನುವ ಚಿಪ್ಪುಮೀನು, ಏಡಿ, ಶೆಟ್ಲಿ ಅಂದರೆ ಸಿಗಡಿ, ನೊಗಲಿ ಮೀನು ಸಿಗುವುದು, ಸಾಣಿಕಟ್ಟೆಯ ಉಪ್ಪಿನ ಆಗರ ನಡೆಯುವುದು. 2024ರಲ್ಲಿ ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿದ್ದೂ ಇಂಥ ಜೀವಸಂಪತ್ತಿಗಾಗಿ. ಹಾಗಾಗಿ ನಮ್ಮ ಕಡೆಯವರು ಉಪ್ಪುನೀರನ್ನು ಬೈಯುವುದಿಲ್ಲ. ಬಾವಿಗೆ ಬಂದರೆ ಮಾತ್ರ ಬೈಯುತ್ತಾರೆ.

ಇನ್ನು ಭರತಿ-ಇಳಿತ. ಬಂದ ಮೊದಲ ಜನವರಿ, ಒಂದು ಅಮಾವಾಸ್ಯೆ. ಮಗಳ ಶಾಲೆ ಆಚೆ ದಡದಲ್ಲಿ, ಬಸ್ಸು ತಡವಾಗಿ ಅವಳು ದಕ್ಕೆಗೆ ಬಂದಾಗ ಐದೂವರೆ. ನಮ್ಮ ಪಾತಿದೋಣಿ ಇತ್ತ ಕೆಸರಿನಲ್ಲಿ ಕೂತಿತ್ತು. ನಡುವೆ ಐವತ್ತು ಮಾರು ಕೆಸರು, ಇಳಿದರೆ ಸೊಂಟದವರೆಗೆ. ನಾನು ಈ ದಡದಲ್ಲಿ ಕೂಗುವುದು, ಅವಳು ಆ ದಡದಲ್ಲಿ ಅಳುವುದು. ಅಂಗಡಿಯ ಅಕ್ಕ ಅವಳನ್ನು ಒಳಗೆ ಕೂರಿಸಿಕೊಂಡು ಅವಲಕ್ಕಿ ಕೊಟ್ಟರು. ನೀರು ಏರಿ ದೋಣಿ ಅಲುಗಿದಾಗ ಎಂಟರ ಹತ್ತಿರ. ಅತ್ತೆ ಕೇಳಿದ್ದು ಒಂದೇ, “ಬೆಳಿಗ್ಗೆ ಕ್ಯಾಲೆಂಡರ್ ನೋಡ್ಲಿಲ್ವನೇ?”

ಇಲ್ಲಿ ಗಡಿಯಾರಕ್ಕಿಂತ ತಿಥಿ ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಭರತಿ ನಡುಹಗಲಿನ ಸುಮಾರಿಗೆ ಬರುತ್ತದೆ, ಅದಾಗಿ ಆರು ತಾಸಿಗೆ ತಳ ಕಾಣುವ ಇಳಿತ. ಅಲ್ಲಿಂದ ತಿಥಿಗೆ ಎರಡು ಗಳಿಗೆಯಂತೆ ಮುಂದೆ ಹೋಗುತ್ತದೆ. ಗಳಿಗೆ ಎಂದರೆ 24 ನಿಮಿಷ, ಎರಡಕ್ಕೆ 48. ಅಷ್ಟಮಿ ಹೊತ್ತಿಗೆ ಭರತಿಯೂ ಸಣ್ಣದು, ಇಳಿತವೂ ಸಣ್ಣದು, ದೋಣಿ ಎಲ್ಲೂ ಕೂರುವುದಿಲ್ಲ. ಮೊಬೈಲಿನಲ್ಲಿ ಆ್ಯಪ್ ಇದೆ ನಿಜ. ಆದರೆ ಅದು ಕೊಡುವುದು ಬಂದರಿನ ಹೊತ್ತು, ಹೊಳೆಯೊಳಗೆ ನಮ್ಮಲ್ಲಿಗೆ ನೀರು ತಲುಪುವುದು ಇನ್ನಷ್ಟು ತಡ. ಈಗ ನನ್ನ ಮಗಳೇ ಬೆರಳು ಮಡಚಿ ಲೆಕ್ಕ ಹೇಳುತ್ತಾಳೆ.

ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. ಘಟ್ಟದ ಮೇಲೆ ಜೋರು ಮಳೆ, ಇಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ಭರತಿ, ಎರಡೂ ಒಟ್ಟಾದರೆ ಹೊಳೆಗೆ ಹೋಗಲು ದಾರಿ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಜಿಲ್ಲೆಗೆಲ್ಲ ನೆರೆ ಬಂತಲ್ಲ, ನಾವು ಬಂದು ಎರಡು ತಿಂಗಳಾಗಿತ್ತಷ್ಟೆ. ಅಂಗಳ ದಾಟಿ ಜಗಲಿಯ ಮೆಟ್ಟಿಲಿಗೆ ನೀರು. ಅಂದಿನಿಂದ ಶಿರಸಿಯ ಅಪ್ಪನೇ ನಮ್ಮ ಹವಾಮಾನ ಇಲಾಖೆ. “ಮಗಾ, ಇಲ್ಲಿ ರಾತ್ರಿಯಿಡೀ ಹೊಡೆದಿದೆ” ಎಂದು ಫೋನ್ ಬಂದರೆ ಅಕ್ಕಿ ಡಬ್ಬಿ, ಮಕ್ಕಳ ಪುಸ್ತಕ ಅಟ್ಟಕ್ಕೆ ಹೋಗುತ್ತವೆ, ದನ ಎತ್ತರದ ಹಿತ್ತಿಲಿಗೆ. ಹೊಳೆ ಕೆಂಪಾಗಿ ಬರುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತದೆ.

ಬೇಲಿ ಹಾಕಿಕೊಂಡು ಒಬ್ಬರೇ ನೆಮ್ಮದಿಯಾಗಿರಬೇಕು ಎಂದು ಬರೆದಿದ್ದೀರಿ. ಇಲ್ಲೇ ನಿಮಗೂ ಕುರ್ವೆಗೂ ಹೊಂದುವುದು ಕಷ್ಟ. ನಮ್ಮ ಮನೆಗಳ ಹಿಂದೆ ಗಜನಿ ಗದ್ದೆ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಸುತ್ತ ಮಣ್ಣಿನ ಒಡ್ಡು, ಒಡ್ಡಿಗೆ ಹಲಗೆಯ ತೂಬು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪು ತಡೆದುಕೊಳ್ಳುವ, ನೀರಲ್ಲಿ ಮುಳುಗಿದರೂ ಕೆಲವು ದಿನ ಸಾಯದ ಭತ್ತ, ಮೀಸೆ ಇರುವಂಥದು, ಅಕ್ಕಿ ಕೆಂಪು. ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಶೆಟ್ಲಿ, ಮೀನು. ಒಡ್ಡು ಒಡೆದರೆ ಯಾರ ಗದ್ದೆ ಎಂದು ಕೇಳದೆ ಮನೆಗೊಬ್ಬರು ಹೋಗಬೇಕು, ಆಗಿನ್ನೂ ರಾತ್ರಿ ಎರಡು ಗಂಟೆಯಾಗಿದ್ದರೂ. ಸ್ವಂತ ಗದ್ದೆ ಇಲ್ಲದಿದ್ದರೂ ಹೋಗಬೇಕು, ಯಾಕೆಂದರೆ ಒಡ್ಡು ಕಾಯುವುದು ಗದ್ದೆಯನ್ನಷ್ಟೇ ಅಲ್ಲ, ಗದ್ದೆಯ ಬದಿಯ ಬಾವಿಗಳನ್ನೂ. ಮೀಟಿಂಗ್ ಇದೆ, ಆಮೇಲೆ ಬರುತ್ತೇನೆ ಎಂದರೆ ನಡೆಯುವುದಿಲ್ಲ. ಪಕ್ಕದ ಮನೆಯವರು ನಮ್ಮ ಜೊತೆ ಮತ್ತೆ ಮಾತಾಡಿದ್ದು, ನಮ್ಮವರು ಅಂಥ ಒಂದು ರಾತ್ರಿ ಎದೆಮಟ್ಟ ನೀರಿನಲ್ಲಿ ಗೂಟ ಹಿಡಿದು ನಿಂತ ಮೇಲೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಇಂಟರ್‌ನೆಟ್ ಪರವಾಗಿಲ್ಲ, ಕರೆಂಟ್ ಜೂನ್-ಜುಲೈನಲ್ಲಿ ಹೋದರೆ ಎರಡು ದಿನ ಬರದೇ ಇರಬಹುದು. ಉಪ್ಪುಗಾಳಿಗೆ ಫ್ಯಾನು, ಗ್ಯಾಸ್ ಒಲೆ, ಸೈಕಲ್ ಚೈನು ಎಲ್ಲ ತುಕ್ಕು ಹಿಡಿಯುತ್ತವೆ. ನನ್ನ ಒಂದು ಲ್ಯಾಪ್‌ಟಾಪ್ ಎರಡೇ ಮಳೆಗಾಲ ಬಾಳಿತು. ಬಟ್ಟೆಗೆ, ಚಪ್ಪಲಿಗೆ ಬೂಷ್ಟು. ಮೇ ತಿಂಗಳ ಸೆಕೆ ಶಿರಸಿಯವಳಾದ ನನಗೆ ಇಂದಿಗೂ ಒಗ್ಗಿಲ್ಲ. ಜೂನ್-ಜುಲೈ ಟ್ರಾಲರ್ ಮೀನುಗಾರಿಕೆಗೆ ನಿಷೇಧ, ಆಗ ಹೊಳೆಮೀನು, ಒಣಮೀನು. ನಿಮ್ಮ ಮನೆಯಲ್ಲಿ ಮೀನು ತಿನ್ನದಿದ್ದರೆ ಆ ಚಿಂತೆಯೂ ಇಲ್ಲ. ಸಣ್ಣಪುಟ್ಟದಕ್ಕೆ ಕುಮಟಾ ಆಸ್ಪತ್ರೆ ಸಾಕು, ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ಹೃದಯದ ತೊಂದರೆ ಇರುವ ಹಿರಿಯರು ನಿಮ್ಮ ಜೊತೆಗಿದ್ದರೆ ದಯವಿಟ್ಟು ಬರಬೇಡಿ, ದೋಣಿಯಲ್ಲಿ ಆಚೆ ದಾಟುವುದಕ್ಕೇ ಹೊತ್ತು ಬೇಕು.

ಮಕ್ಕಳಿಗೆ ಈಜು ಕಲಿಸಿಯೇ ಕರೆತನ್ನಿ. ಈಜು ಬಂದರೂ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಸಿ. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ನಾವು ಇಲ್ಲಿಗೆ ಬರುವ ಐದು ತಿಂಗಳ ಮೊದಲು ಅದು. ಊರ ಮಕ್ಕಳು ನಗುತ್ತಾರೆ ಎಂದು ನನ್ನ ಮಗ ಜಾಕೆಟ್ ಬಿಚ್ಚಲು ನೋಡುತ್ತಾನೆ, ನಾನು ಬಿಡುವುದಿಲ್ಲ.

ಜಮೀನು ಕೊಳ್ಳುವ ಬಗ್ಗೆ: 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ನಮ್ಮ ರಾಜ್ಯದಲ್ಲಿ ಕೃಷಿಭೂಮಿ ಕೊಳ್ಳಬಹುದು, ಅದರಲ್ಲಿ ತಕರಾರಿಲ್ಲ. ಆದರೆ ಕಟ್ಟುವುದು ಬೇರೆ ಮಾತು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಹಿನ್ನೀರಿನ ದ್ವೀಪಗಳಿಗೆ ಭರತಿ ಗೆರೆಯಿಂದ 20 ಮೀಟರ್ ಬಿಡಬೇಕೆಂದಿದೆ. ಸಣ್ಣ ಕುರ್ವೆಯಲ್ಲಿ ನಾಲ್ಕೂ ಕಡೆ 20 ಮೀಟರ್ ಬಿಟ್ಟರೆ ಏನು ಉಳಿಯುತ್ತದೆ, ನೀವೇ ಅಳೆದು ನೋಡಿ. ದಲ್ಲಾಳಿ ಇದನ್ನು ಹೇಳುವುದಿಲ್ಲ. ಹೊಸದು ಕಟ್ಟುವ ಯೋಚನೆ ಬಿಟ್ಟು, ಬೀಗ ಹಾಕಿರುವ ಹಳೇ ಮನೆ ಬಾಡಿಗೆಗೆ ಕೇಳಿ. ಮಕ್ಕಳು ಮುಂಬೈ, ಗೋವಾ ಸೇರಿ ಖಾಲಿಯಾದ ಹಂಚಿನ ಮನೆಗಳು ಪ್ರತಿ ಕುರ್ವೆಯಲ್ಲೂ ಒಂದೆರಡು ಇರುತ್ತವೆ.

ಡಿಸೆಂಬರಿನಲ್ಲಿ ನೋಡಿಕೊಂಡು ಹೋಗಿ ನಿರ್ಧಾರ ಮಾಡಬೇಡಿ. ಆಗ ಬಾವಿಯೂ ಸಿಹಿ, ಗಾಳಿಯೂ ತಂಪು. ಎಪ್ರಿಲ್ ಕೊನೆಗೆ ಒಂದು ವಾರ, ಜುಲೈಯಲ್ಲಿ ಒಂದು ವಾರ ಮಕ್ಕಳ ಸಮೇತ ಬಂದು ಇದ್ದು ನೋಡಿ. ನಮ್ಮಲ್ಲೇ ಇಳಿದುಕೊಳ್ಳಬಹುದು, ಅತ್ತೆಗೂ ಮಾತಿಗೆ ಜನ ಸಿಕ್ಕ ಹಾಗಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ದಿನ ಹೊರಟರೆ ಮಾತ್ರ ಮಧ್ಯಾಹ್ನ ಎರಡು ಗಂಟೆಯೊಳಗೆ ದಕ್ಕೆ ತಲುಪಿ. ನಾಲ್ಕೂವರೆಯ ಮೇಲೆ ಬಂದರೆ ಅಂಗಡಿಯ ಅಕ್ಕನ ಹತ್ತಿರ ಅವಲಕ್ಕಿ ತಿನ್ನುತ್ತ ಎಂಟರವರೆಗೆ ಕೂರಬೇಕಾದೀತು.