ಪುನರ್ಪುಳಿ ಕೊಬ್ಬು ಕವಾಟದಲ್ಲೇ ಯಾಕೆ ಕಟ್ಟುತ್ತದೆ?

ಪ್ರಶ್ನೆ: ಪುನರ್ಪುಳಿ (ಕೋಕಂ) ಬೀಜದ ಕೊಬ್ಬನ್ನು ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಿಂದ ತೆಗೆಯುವಾಗ ಸ್ವಲ್ಪ ಹೊತ್ತಿಗೇ ಕವಾಟ (ವಾಲ್ವ್) ಕಟ್ಟಿಕೊಳ್ಳುತ್ತದೆ. ಪರಿಹಾರವೇನು?
– ಓದುಗರು, ಬದಿಯಡ್ಕ

ಉತ್ತರ: ಕೊಬ್ಬನ್ನು ಕರಗಿಸಿಕೊಂಡ ಅನಿಲದ ಒತ್ತಡ ಕವಾಟದಲ್ಲಿ 350 ಬಾರ್‌ನಿಂದ (ಬಾರ್ ಎಂದರೆ ಒತ್ತಡದ ಅಳತೆ) 60ಕ್ಕೆ ಒಮ್ಮೆಲೇ ಇಳಿಯುವಾಗ ಅನಿಲ ವಿಪರೀತ ತಣ್ಣಗಾಗಿ, ಬೀಜದ ತೇವ ಅಲ್ಲೇ ಮಂಜುಗಡ್ಡೆಯಾಗುತ್ತದೆ. ಸಾಲದ್ದಕ್ಕೆ ಇದು ಎಳ್ಳೆಣ್ಣೆಯಂತಲ್ಲ, 40 ಡಿಗ್ರಿ ಆಸುಪಾಸಿನಲ್ಲಷ್ಟೇ ಕರಗುವ ಕೊಬ್ಬು. ಹಾಗಾಗಿ ಕವಾಟ, ಕೊಳವೆ, ಬೇರ್ಪಡಿಸುವ ಪಾತ್ರೆ ಮೂರನ್ನೂ 50 ಡಿಗ್ರಿಯ ಮೇಲಿಡಿ. ಬೀಜವನ್ನು ತೇವ ಶೇ. 8ಕ್ಕಿಂತ ಕೆಳಗಿಳಿಯುವಷ್ಟು ಒಣಗಿಸಿ, ಅರ್ಧ ಮಿಲಿಮೀಟರ್ ತರಿಯಾಗಿ ಪುಡಿಮಾಡಿ. ತೀರಾ ನುಣ್ಣಗಾದರೆ ಅನಿಲ ಒಂದೇ ಸಂದಿಯಲ್ಲಿ ನುಗ್ಗಿಹೋಗಿ, ಉಳಿದ ಪುಡಿಯ ಕೊಬ್ಬು ಹಾಗೇ ಉಳಿಯುತ್ತದೆ. ಕಟ್ಟಿದ ಕವಾಟವನ್ನು ಒತ್ತಡವಿರುವಾಗ ಸ್ಪ್ಯಾನರ್ ಹಾಕಿ ಸಡಿಲಿಸಲೇಬೇಡಿ. ನಾಲ್ಕಾರು ಕಿಲೋ ಬೀಜಕ್ಕಾದರೆ ಇಷ್ಟೆಲ್ಲ ಯಂತ್ರ ಯಾಕೆ? ಪುಡಿಯನ್ನು ನೀರಲ್ಲಿ ಕುದಿಸಿ, ತೇಲಿದ್ದನ್ನು ತೆಗೆಯುವ ಹಳೆಯ ಕ್ರಮವೇ ಲೇಸು.