2025ರ ಎನ್‌ಬಿಎ ಡ್ರಾಫ್ಟ್ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು): ಕಾಲೇಜಿನಲ್ಲಿ ಒಂದೇ ವರ್ಷ ಆಡಿದ ಏಸ್ ಬೇಲಿಯೋ, ನಾಲ್ಕು ವರ್ಷ ಆಡಿದ ವಾಲ್ಟರ್ ಕ್ಲೇಟನ್ನೋ? ನಮ್ಮ ಫ್ಯಾಂಟಸಿ ಲೀಗಿಗೆ ಯಾರನ್ನು ತಗೊಳ್ಳಲಿ?

ಇದೇ ಜಗಳ 2018ರ ಬೇಸಿಗೆಯಲ್ಲಿ ನಮ್ಮ ಲೀಗಿನಲ್ಲೂ ಆಗಿತ್ತು, ಹೆಸರುಗಳು ಮಾತ್ರ ಬೇರೆ. ವಯಸ್ಸು ನೋಡಬೇಕೋ ಅನುಭವ ನೋಡಬೇಕೋ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡನ್ನೂ ಬದಿಗಿಡಿ, ಚೆಂಡು ಕೈಯಲ್ಲಿಲ್ಲದಾಗ ಹುಡುಗ ಏನು ಮಾಡುತ್ತಾನೆ ಅಂತ ನೋಡಿ. ಇದು ತಲೆಗೆ ಹೋಗುವಷ್ಟರಲ್ಲಿ ನಾನು ಆಗಲೇ ದೊಡ್ಡ ಆಟಗಾರನಾಗಿದ್ದ ಡೇಮಿಯನ್ ಲಿಲ್ಲಾರ್ಡ್‌ನನ್ನು ಕಳಕೊಂಡಿದ್ದೆ, ಲೂಕಾ ಡಾನ್ಚಿಚ್‌ನನ್ನು ಪಕ್ಕದವನಿಗೆ ಬಿಟ್ಟುಕೊಟ್ಟಿದ್ದೆ, ಮುಂದಿನ ವರ್ಷ ಮನೆಬಾಗಿಲಿಗೆ ಬಂದ ಇನ್ನೊಬ್ಬನನ್ನೂ ಬೇಡ ಅಂದಿದ್ದೆ.

ಆಗ ನಾನು ಕೆಲಸದ ಮೇಲೆ ಉತ್ತರ ಕ್ಯಾರೊಲೈನಾದ ರಾಲಿಯಲ್ಲಿದ್ದೆ. ಡ್ಯೂಕ್, ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯ, ಎನ್‌ಸಿ ಸ್ಟೇಟ್ ಬಾಸ್ಕೆಟ್‌ಬಾಲ್ ಹುಚ್ಚಿನ ಈ ಮೂರೂ ವಿಶ್ವವಿದ್ಯಾಲಯಗಳು ಅಲ್ಲೇ ಅಕ್ಕಪಕ್ಕ. ಚಳಿಗಾಲ ಬಂತೆಂದರೆ ಆಫೀಸಿನಲ್ಲಿ ಬೇರೆ ಮಾತೇ ಇಲ್ಲ. ಮೈಸೂರಿನ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ನೆಟ್ ಇಲ್ಲದ ರಿಂಗಿಗೆ ಚೆಂಡು ಹಾಕಿ ಬೆಳೆದವನು ನಾನು. ಆ ಊರು ನನ್ನನ್ನು ಪೂರ್ತಿ ಎಳಕೊಂಡುಬಿಟ್ಟಿತು. ರಾಲಿ ಪಕ್ಕದ ಕ್ಯಾರಿ ಅನ್ನುವ ಊರಿನ ಕಡೆ ಇದ್ದ ನಾವು ಕನ್ನಡದ ಗೆಳೆಯರು ಸೇರಿ ನಿಮ್ಮದರ ಹಾಗೇ ಒಂದು ಲೀಗ್ ನಡೆಸುತ್ತಿದ್ದೆವು. ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಫ್ಯಾಂಟಸಿಯಲ್ಲಿ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುತ್ತೇವೆ, ಅವರು ಮ್ಯಾಚಿನಲ್ಲಿ ಗಳಿಸಿದ್ದೇ ನಮ್ಮ ಅಂಕ. ಆದರೆ ಇದು ಡ್ರೀಮ್ ಇಲೆವೆನ್ ತರ ಒಂದು ಮ್ಯಾಚಿಗೆ ಮುಗಿಯುವ ಆಟವಲ್ಲ. ಒಮ್ಮೆ ತಗೊಂಡ ಆಟಗಾರ ನೀವಾಗಿ ಬಿಡುವವರೆಗೂ ನಿಮ್ಮವನೇ. ಪ್ರತಿ ಜೂನ್‌ನಲ್ಲಿ ಎನ್‌ಬಿಎ ಡ್ರಾಫ್ಟ್ ಮುಗಿದ ಮೇಲೆ ಹೊಸ ಹುಡುಗರನ್ನು ನಾವೂ ಸರದಿಯಂತೆ ಹಂಚಿಕೊಳ್ಳುತ್ತೇವೆ. ಹಾಗಾಗಿ ಒಂದು ತಪ್ಪು ಆಯ್ಕೆ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ.

ಆ ವರ್ಷ ಡ್ಯೂಕ್‌ಗೆ ಮಾರ್ವಿನ್ ಬ್ಯಾಗ್ಲಿ ಬಂದಿದ್ದ. ಎಡಗೈ ಹುಡುಗ, ಆರಡಿ ಹನ್ನೊಂದಿಂಚು. ಜನವರಿಯಲ್ಲಿ ಡ್ಯೂಕ್ ತಂಡ ರಾಲಿಗೆ ಬಂದು ಎನ್‌ಸಿ ಸ್ಟೇಟ್ ಎದುರು ಆಡಿದಾಗ ಮೇಲಿನ ಅಂತಸ್ತಿನಲ್ಲಿ ಕೂತು ನೋಡಿದೆ. ಅವನ ಎರಡನೇ ಜಿಗಿತವನ್ನು ಟಿವಿಯಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ಚೆಂಡು ರಿಂಗಿಗೆ ಬಡಿದು ಪುಟಿದಾಗ ಎಲ್ಲರೂ ಒಟ್ಟಿಗೇ ಹಾರುತ್ತಾರೆ, ಒಟ್ಟಿಗೇ ಇಳಿಯುತ್ತಾರೆ. ಉಳಿದವರು ಮೊಣಕಾಲು ಮಡಚಿ ಮತ್ತೆ ಹಾರಲು ಅಣಿಯಾಗುವಷ್ಟರಲ್ಲಿ ಇವನು ಆಗಲೇ ಗಾಳಿಯಲ್ಲಿ, ಚೆಂಡು ಇವನ ಕೈಯಲ್ಲಿ. ನನ್ನ ಕಣ್ಣು ಇಡೀ ಸಂಜೆ ಆ ಎಡಗೈಯನ್ನು ಬಿಟ್ಟು ಕದಲಲಿಲ್ಲ. ಆ ಸೀಸನ್ ಅವನದು ಪಂದ್ಯಕ್ಕೆ ಸರಾಸರಿ 21 ಪಾಯಿಂಟ್, 11 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು).

ಆದರೆ ಆ ಸಂಜೆ ಡ್ಯೂಕ್ ಸೋತಿತು, 96-85. ತೊಂಬತ್ತಾರು ಪಾಯಿಂಟ್! ಕಾಲೇಜ್ ಮ್ಯಾಚ್ ಇರುವುದೇ ನಲವತ್ತು ನಿಮಿಷ. ದೇಶದ ಅತ್ಯುತ್ತಮ ಹೊಸ ಹುಡುಗರನ್ನು ಕಟ್ಟಿಕೊಂಡ ತಂಡ ಅಷ್ಟು ಬಿಟ್ಟುಕೊಟ್ಟಿತು ಅಂದರೆ ಇನ್ನೊಂದು ಬದಿಯಲ್ಲಿ ಏನೋ ಕೆಟ್ಟಿದೆ ಅಂತಲೇ. ನಾನು ಆ ಬದಿ ನೋಡಲೇ ಇಲ್ಲ. ಚೆಂಡು ಬ್ಯಾಗ್ಲಿಯ ಕೈಯಲ್ಲಿದ್ದಾಗ ಅವನನ್ನು ನೋಡಿದೆ, ಎದುರಾಳಿಯ ಕೈಗೆ ಹೋದಾಗ ಎದುರಾಳಿಯನ್ನು ನೋಡಿದೆ. ಆ ಹೊತ್ತಿನಲ್ಲಿ ಬ್ಯಾಗ್ಲಿ ಎಲ್ಲಿ ನಿಂತಿದ್ದ, ತನ್ನವನನ್ನು ಬಿಟ್ಟು ಬುಟ್ಟಿ ಕಾಯಲು ಯಾವಾಗ ಬಂದ, ಬಂದನೋ ಇಲ್ಲವೋ ಅಂತ ಕೇಳಿದ್ದರೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ.

ಇದನ್ನು ಎಳೆದು ಹೇಳುತ್ತಿದ್ದೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಇದೊಂದೇ. ಫೆಬ್ರವರಿಯಲ್ಲಿ ಡ್ಯೂಕ್ ಕೋಚ್ ಮೈಕ್ ಶಶೆವ್‌ಸ್ಕಿ ಝೋನ್ ಡಿಫೆನ್ಸಿಗೆ ಬದಲಾಯಿಸಿದರು. ಜೀವನವಿಡೀ ಒಬ್ಬರಿಗೊಬ್ಬರು ಅಂಟಿಕೊಂಡು ಕಾಯುವ ಮ್ಯಾನ್ ಡಿಫೆನ್ಸ್ ಕಲಿಸಿದ ಮನುಷ್ಯ ಅವರು. ಹುಡುಗರಿಗೆ ಅದು ಬರುತ್ತಿಲ್ಲ ಅಂತ ಒಪ್ಪಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಜಾಗ ಕೊಟ್ಟು ನಿಲ್ಲಿಸಿದ್ದರು. ತಂಡ ಗೆಲ್ಲತೊಡಗಿತು, ನಾನು ಚಪ್ಪಾಳೆ ತಟ್ಟಿದೆ. ಎನ್‌ಬಿಎಯಲ್ಲಿ ಆ ಮರೆ ಸಿಗುವುದಿಲ್ಲ. ಅಲ್ಲಿ ದೊಡ್ಡ ಆಟಗಾರ ಯಾರನ್ನೂ ಕಾಯದೆ ಬುಟ್ಟಿಯ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಎದುರಾಳಿಗೆ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಒಂದು ಹೊಡೆತ. ಕಾಲೇಜಿನಲ್ಲಿ ಆ ನಿಯಮವೇ ಇಲ್ಲ. ಅಂದರೆ ಅಷ್ಟು ದೊಡ್ಡ ಕೋಚ್ ಎಲ್ಲರ ಕಣ್ಣೆದುರೇ ‘ಈ ಹುಡುಗರಿಗೆ ಈ ಕೆಲಸ ಬರುವುದಿಲ್ಲ’ ಅಂತ ತೋರಿಸಿಕೊಟ್ಟಿದ್ದರು. ನಾನು ಅದನ್ನು ಜಾಣತನ ಅಂತ ಓದಿಕೊಂಡೆ.

‘ಫ್ಯಾಂಟಸಿಯಲ್ಲಿ ಡಿಫೆನ್ಸಿಗೆ ಅಂಕ ಎಲ್ಲಿದೆ’ ಅಂತ ನೀವು ಕೇಳಬಹುದು. ನಮ್ಮ ಲೀಗಿನಲ್ಲೂ ಇರಲಿಲ್ಲ. ಆದರೆ ಕೋರ್ಟಿನಲ್ಲಿ ಇದ್ದರೆ ತಾನೇ ಪಾಯಿಂಟು, ರಿಬೌಂಡು? ಅಲ್ಲಿ ಯಾರನ್ನು ಎಷ್ಟು ಹೊತ್ತು ಇರಿಸಬೇಕು ಅಂತ ತೀರ್ಮಾನಿಸುವವನು ಕೋಚ್. ಅವನಿಗೆ ಹತ್ತೊಂಬತ್ತರ ಹುಡುಗನ ಪಾಯಿಂಟುಗಳು ಬೇಕಾಗಿಲ್ಲ, ಅದಕ್ಕೆ ಅವನ ಬಳಿ ದೊಡ್ಡ ಸಂಬಳದ ಬೇರೆಯವರಿದ್ದಾರೆ. ಹೊಸಬನಿಂದ ಅವನು ಕೇಳುವುದು ಸಣ್ಣ ಕೆಲಸ: ಮೂಲೆಯಲ್ಲಿ ನಿಲ್ಲು, ಚೆಂಡು ಬಂದರೆ ಹಾಕು, ಇಲ್ಲವೇ ಪಕ್ಕಕ್ಕೆ ಕೊಡು, ನಿನ್ನವನನ್ನು ಬಿಡಬೇಡ. ಕಾಲೇಜಿನಲ್ಲಿ ಇಡೀ ತಂಡವೇ ತನ್ನ ಸುತ್ತ ತಿರುಗಿದ್ದನ್ನು ಕಂಡ ಹುಡುಗನಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ.

2018ರ ನಮ್ಮ ಡ್ರಾಫ್ಟಿಗೆ ಎರಡನೇ ಸರದಿ ಬೇಕೆಂದು ನಾನು ಲಿಲ್ಲಾರ್ಡ್‌ನನ್ನು ಕೊಟ್ಟೆ. ಅವನು ಆ ವರ್ಷ ಆಲ್-ಎನ್‌ಬಿಎ ಮೊದಲ ತಂಡದಲ್ಲಿದ್ದವನು, ಅಂದರೆ ಇಡೀ ಲೀಗಿನ ಅತ್ಯುತ್ತಮ ಐವರಲ್ಲಿ ಒಬ್ಬ. ನಿಜವಾದ ಡ್ರಾಫ್ಟಿನಲ್ಲಾದಂತೆ ಮೊದಲು ಡಿಆಂಡ್ರೆ ಏಟನ್ ಹೋದ. ಎರಡನೆಯದಾಗಿ ನಾನು ಬ್ಯಾಗ್ಲಿಯ ಹೆಸರು ಹೇಳಿದೆ. ಡಾನ್ಚಿಚ್ ಅಲ್ಲೇ ಇದ್ದ. ಹತ್ತೊಂಬತ್ತಕ್ಕೇ ರಿಯಲ್ ಮ್ಯಾಡ್ರಿಡ್ ಜೊತೆ ಯೂರೋಲೀಗ್ ಗೆದ್ದು, ಆ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. ಗಂಡಸರ ನಡುವೆ ಆಡಿದ ಹುಡುಗ! ಆದರೆ ಅವನ ಮ್ಯಾಚುಗಳು ನಮ್ಮ ಆಫೀಸ್ ಹೊತ್ತಿಗೆ ಬರುತ್ತಿದ್ದವು, ಒಂದನ್ನೂ ಪೂರ್ತಿ ನೋಡಿರಲಿಲ್ಲ. ಬ್ಯಾಗ್ಲಿಯನ್ನು ಚಳಿಗಾಲವಿಡೀ ನೋಡಿದ್ದೆ. ಮೂರನೇ ಸರದಿ ಮಂಡ್ಯದ ಗೆಳೆಯನದು. ‘ಸರಿ ಬಿಡಪ್ಪಾ, ನೀನು ಬಿಟ್ಟಿದ್ದು ನಂಗಿರ್ಲಿ’ ಅಂದು ಲೂಕಾನನ್ನು ಬರೆಸಿದ.

ನಿಜವಾದ ಡ್ರಾಫ್ಟಿನಲ್ಲಿ ಸ್ಯಾಕ್ರಮೆಂಟೊ ತಂಡವೂ ಲೂಕಾನನ್ನು ಬಿಟ್ಟು ಬ್ಯಾಗ್ಲಿಯನ್ನೇ ಆರಿಸಿತಲ್ಲ ಅಂತ ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ನಮ್ಮ ಮುಂಬೈನಲ್ಲಿ ಹುಟ್ಟಿದ ವಿವೇಕ್ ರಣದಿವೆ ಅದರ ಮಾಲೀಕ. ಆಯ್ಕೆ ಮಾಡುವ ಕುರ್ಚಿಯಲ್ಲಿದ್ದವರು ವ್ಲಾಡೆ ಡಿವಾಟ್ಸ್, ಸ್ವತಃ ಸರ್ಬಿಯಾದಿಂದ ಬಂದು ಎನ್‌ಬಿಎಯಲ್ಲಿ ಹೆಸರು ಮಾಡಿದವರು. ಚೆಂಡು ನಡೆಸಲು ಆ ತಂಡದಲ್ಲಿ ಆಗಲೇ ಡಿ'ಆರನ್ ಫಾಕ್ಸ್ ಇದ್ದ. ಅವರದಾದರೂ ತಂಡದ ಲೆಕ್ಕಾಚಾರ. ನನಗೆ ಆ ನೆಪವೂ ಇರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಆದದ್ದು ಮುಂದಿನ ವರ್ಷ, ಅದೂ ನನ್ನ ಲೆಕ್ಕ ಸರಿಯೆಂದು ಕಾಣುತ್ತಿದ್ದಾಗ. ಬ್ಯಾಗ್ಲಿ ಮೊದಲ ಸೀಸನ್‌ನಲ್ಲಿ ಸರಾಸರಿ 14.9 ಪಾಯಿಂಟ್ ಗಳಿಸಿ ಹೊಸಬರ ಮೊದಲ ತಂಡಕ್ಕೆ ಆಯ್ಕೆಯಾದ. 2019ರ ಜುಲೈನಲ್ಲಿ ಗೆಳೆಯನೊಬ್ಬ ಫೋನ್ ಮಾಡಿ, ಬ್ಯಾಗ್ಲಿಯನ್ನು ಕೊಟ್ಟರೆ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನು ಕೊಡುತ್ತೇನೆ ಅಂದ. ತಾರೆ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್ ತಂಡ ತರಿಸಿಕೊಂಡ ಡೀಲಿನಲ್ಲಿ ಶೇ ಆಗಷ್ಟೇ ಒಕ್ಲಹೋಮಾಗೆ ಹೋಗಿದ್ದ. ಅವನದು ಸರಾಸರಿ 10.8. ಹದಿನೈದನ್ನು ಕೊಟ್ಟು ಹನ್ನೊಂದು ತಗೊಳ್ಳುವುದೇ? ಫೋನ್ ಇಡುವ ಮೊದಲೇ ಆಗಲ್ಲ ಅಂದೆ.

ಮತ್ತೆ ಅದೇ ಕಣ್ಣು, ಅದೇ ಲೆಕ್ಕ. ನೋಡಬೇಕಾಗಿದ್ದದ್ದು ಇದು: ಶೇ ಆ ವರ್ಷ 73 ಮ್ಯಾಚುಗಳಲ್ಲಿ ಮೊದಲ ಐವರಲ್ಲಿ ಒಬ್ಬನಾಗಿ ಕೋರ್ಟಿಗಿಳಿದಿದ್ದ, ಅದೂ ಪ್ಲೇಆಫ್ ತಲುಪಿದ ಕ್ಲಿಪ್ಪರ್ಸ್ ತಂಡಕ್ಕೆ. ಗೆಲ್ಲಬೇಕಾದ ತಂಡದ ಕೋಚ್ ಒಬ್ಬ ಹೊಸಬನನ್ನು ಅಷ್ಟು ನಂಬುವುದು ಅವನ ಪಾಯಿಂಟಿಗಲ್ಲ, ಕಾಯುವ ಕಾಲು-ಕೈಗೆ, ಚೆಂಡು ಕಳೆಯದ ತಲೆಗೆ. ಬ್ಯಾಗ್ಲಿ ಪ್ಲೇಆಫ್ ತಲುಪದ ತಂಡದಲ್ಲಿ ಬಹುಪಾಲು ಬೆಂಚಿನಿಂದ ಎದ್ದು ಬರುತ್ತಿದ್ದ. ಎರಡನೇ ಸೀಸನ್‌ನ ಮೊದಲ ರಾತ್ರಿಯೇ ಅವನ ಹೆಬ್ಬೆರಳು ಮುರಿಯಿತು, ಆ ವರ್ಷ 13 ಮ್ಯಾಚಷ್ಟೇ ಆಡಿದ. ಗಾಯ ಅವನ ಕೈಯಲ್ಲಿರಲಿಲ್ಲ ನಿಜ, ಆದರೆ ಗುಣವಾಗಿ ಬಂದಾಗಲೂ ಅವನನ್ನು ಯಾರ ಎದುರು ಕಾಯಲು ಬಿಡಬೇಕು ಅನ್ನುವ ಪ್ರಶ್ನೆ ಬಗೆಹರಿಯಲಿಲ್ಲ. 2022ರಲ್ಲಿ ಡೆಟ್ರಾಯ್ಟ್, ಆಮೇಲೆ ವಾಷಿಂಗ್ಟನ್, ಮೆಂಫಿಸ್ ಅಂತ ತಂಡದಿಂದ ತಂಡಕ್ಕೆ ಹೋದ. ಶೇ 2025ರಲ್ಲಿ ಎಂವಿಪಿಯೂ (ಲೀಗಿನ ಅತ್ಯುತ್ತಮ ಆಟಗಾರ) ಆಗಿ ಚಾಂಪಿಯನ್ನೂ ಆದ.

ಈಗ ನಿಮ್ಮ ‘ಒಂದು ವರ್ಷವೋ ನಾಲ್ಕು ವರ್ಷವೋ’ ಪ್ರಶ್ನೆಗೆ ಬನ್ನಿ. ಅದೇ 2018ರ ಡ್ರಾಫ್ಟನ್ನು ಇಟ್ಟುಕೊಂಡು ನೋಡಿ. ಶೇ ಕೆಂಟಕಿಯಲ್ಲಿ ಒಂದೇ ವರ್ಷ ಆಡಿದವನು, 11ನೇ ಆಯ್ಕೆ. ಜೇಲನ್ ಬ್ರನ್ಸನ್ ವಿಲನೋವಾದಲ್ಲಿ ಮೂರು ವರ್ಷ ಆಡಿ ಎರಡು ಸಲ ಚಾಂಪಿಯನ್ ಆದವನು, 33ನೇ ಆಯ್ಕೆ, ಇವತ್ತು ನ್ಯೂಯಾರ್ಕ್ ತಂಡದ ಬೆನ್ನೆಲುಬು. ಬ್ಯಾಗ್ಲಿಯ ಪಕ್ಕದಲ್ಲೇ ಆಡುತ್ತಿದ್ದ ಗ್ರೇಸನ್ ಆ್ಯಲನ್ ಡ್ಯೂಕ್‌ನಲ್ಲಿ ನಾಲ್ಕು ವರ್ಷ ಕಳೆದವನು, 21ನೇ ಆಯ್ಕೆ. 2023-24ರಲ್ಲಿ ಇಡೀ ಎನ್‌ಬಿಎಯಲ್ಲಿ ದೂರದಿಂದ ಹಾಕುವ ಮೂರು ಪಾಯಿಂಟ್ ಹೊಡೆತದ ಶೇಕಡಾವಾರಿನಲ್ಲಿ ಮೊದಲಿಗ. ಈ ಮೂವರ ವಯಸ್ಸಿನಲ್ಲಿ ಯಾವ ಸೂತ್ರವೂ ಸಿಗುವುದಿಲ್ಲ. ಮೂವರಿಗೂ ಇನ್ನೊಬ್ಬರ ಜೊತೆ ಆಡಿ ಗೊತ್ತಿತ್ತು. ಶೇ ಕೆಂಟಕಿಯಲ್ಲಿ ಸೀಸನ್ ಶುರುವಾದಾಗ ಬೆಂಚಿನಲ್ಲಿದ್ದ ಹುಡುಗ. ಅವನ ಜೊತೆಗಾರ ಕೆವಿನ್ ನಾಕ್ಸ್ ಅವನಿಗಿಂತ ಮೊದಲು, 9ನೇ ಆಯ್ಕೆಯಾಗಿ ಹೋದ.

ಹತ್ತೊಂಬತ್ತು ತುಂಬಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷವಾಗಿರಬೇಕು ಅನ್ನುವ ಡ್ರಾಫ್ಟ್ ನಿಯಮ 2006ರಿಂದ ಇದೆ. ಒಂದು ವರ್ಷದ ಕಾಲೇಜು ಅನ್ನುವುದು ಪ್ರತಿಭೆಯ ಗುರುತೂ ಅಲ್ಲ, ಅವಸರದ ಗುರುತೂ ಅಲ್ಲ, ಬಹಳಷ್ಟು ಹುಡುಗರಿಗೆ ಅದು ಬರೀ ಕಾಯುವ ಕೋಣೆ.

ಬೇಲಿಯ ಬಗ್ಗೆ ನಿಮಗಿರುವ ಆಸೆ ಅರ್ಥವಾಗುತ್ತದೆ. ಆ ಎತ್ತರ, ಮೈಮೇಲೆ ಬಿದ್ದವನ ತಲೆಯ ಮೇಲಿಂದ ಹೊಡೆಯುವ ಆ ಶಾಟ್, ಕಣ್ಣು ಕೀಳಲಾಗುವುದಿಲ್ಲ. ಆದರೆ ರಟ್ಗರ್ಸ್ ತಂಡದಲ್ಲಿ ಅವನ ಜೊತೆ ಡಿಲನ್ ಹಾರ್ಪರ್ ಇದ್ದ. ಡ್ರಾಫ್ಟಿನ ಎರಡನೇ ಮತ್ತು ಐದನೇ ಆಯ್ಕೆಗಳು ಒಂದೇ ತಂಡದಲ್ಲಿದ್ದೂ ಅದು 15 ಗೆದ್ದು 17 ಸೋತಿತು. ಬೇಲಿಗೆ ಪಂದ್ಯಕ್ಕೆ 17.6 ಪಾಯಿಂಟ್, ಅಸಿಸ್ಟ್ (ಜೊತೆಗಾರನ ಪಾಯಿಂಟಿಗೆ ದಾರಿ ಮಾಡುವ ಪಾಸ್) ಬರೀ 1.3. ಚೆಂಡು ಅವನ ಕೈಗೆ ಹೋದರೆ ಹೊರಗೆ ಬರುತ್ತಿರಲಿಲ್ಲ ಅಂತ ನಾನು ಇದನ್ನು ಓದುತ್ತೇನೆ.

ಕ್ಲೇಟನ್ ವಿಷಯದಲ್ಲಿ ಎಲ್ಲರೂ 2025ರ ಕಾಲೇಜ್ ಚಾಂಪಿಯನ್‌ಶಿಪ್ ಸೆಮಿಫೈನಲ್‌ನ 34 ಪಾಯಿಂಟಿನ ಬಗ್ಗೆ ಮಾತಾಡುತ್ತಾರೆ. ನೀವು ಫೈನಲ್ ನೋಡಿ. ಹ್ಯೂಸ್ಟನ್ ಎದುರು ಮೊದಲ ಅರ್ಧದಲ್ಲಿ ಅವನ ಖಾತೆಯಲ್ಲಿ ಒಂದೇ ಒಂದು ಪಾಯಿಂಟ್ ಇಲ್ಲ. ಕೊನೆಗೆ ಅವನ ಫ್ಲಾರಿಡಾ ತಂಡ 65-63ರಲ್ಲಿ ಮುಂದಿದೆ, ಕೆಲವೇ ಸೆಕೆಂಡು ಉಳಿದಿದೆ, ಹ್ಯೂಸ್ಟನ್‌ನ ಇಮ್ಯಾನ್ಯುಯಲ್ ಶಾರ್ಪ್ ಮೂರು ಪಾಯಿಂಟಿಗೆ ಹಾರುತ್ತಾನೆ. ಕ್ಲೇಟನ್ ಅವನ ಮುಖದ ಮೇಲೆ ಬಂದು ನಿಲ್ಲುವಷ್ಟು ಬೇಗ ಓಡಿ ಬರುತ್ತಾನೆ. ಶಾರ್ಪ್ ಗಾಳಿಯಲ್ಲೇ ಮನಸ್ಸು ಬದಲಿಸಿ ಚೆಂಡನ್ನು ನೆಲಕ್ಕೆ ಬಿಡುತ್ತಾನೆ. ತಾನೇ ಮುಟ್ಟಿದರೆ ಟ್ರಾವೆಲ್ ಅನ್ನುವ ತಪ್ಪು, ಮುಟ್ಟುವಂತಿಲ್ಲ. ಚೆಂಡು ಪುಟಿಯುತ್ತಾ ಹೋಗುತ್ತದೆ, ಸಮಯ ಮುಗಿಯುತ್ತದೆ. ಒಬ್ಬ ಸ್ಟಾರ್ ತನ್ನ ಶಾಟ್ ಬೀಳದ ದಿನ ಏನು ಮಾಡುತ್ತಾನೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ವಿಡಿಯೋ ನನಗೆ ಗೊತ್ತಿಲ್ಲ. ಹಾಗಂತ ಅವನು ಎನ್‌ಬಿಎಯಲ್ಲಿ ದೊಡ್ಡ ಸ್ಕೋರರ್ ಆಗುತ್ತಾನೆ ಅಂತ ನಾನು ಹೇಳಲಾರೆ. ಆರಡಿ ಎರಡಿಂಚಿನ ಗಾರ್ಡ್‌ಗೆ ಅಲ್ಲಿ ಪ್ರತಿ ರಾತ್ರಿಯೂ ಕಷ್ಟವೇ. ಜೊತೆಗೆ 2025ರ ಡ್ರಾಫ್ಟಿನಲ್ಲಿ ಬೇಲಿ, ಕ್ಲೇಟನ್ ಇಬ್ಬರೂ ಹೋಗಿದ್ದು ಒಂದೇ ಯೂಟಾ ತಂಡಕ್ಕೆ.

ನಿಮ್ಮ ಸರದಿ ಬಂದಾಗ ಡ್ಯೂಕ್‌ನ ಕಾನ್ ಕನಿಪಲ್ ಇನ್ನೂ ಉಳಿದಿದ್ದರೆ ಇವರಿಬ್ಬರನ್ನೂ ಬಿಟ್ಟು ಅವನನ್ನು ತಗೊಳ್ಳಿ. ಷಾರ್ಲೆಟ್ ತಂಡ ನಾಲ್ಕನೆಯದಾಗಿ ಆರಿಸಿದ ಹುಡುಗ. ಡ್ಯೂಕ್‌ನ ದೊಡ್ಡ ತಾರೆ ಕೂಪರ್ ಫ್ಲ್ಯಾಗ್ ಪಕ್ಕದಲ್ಲಿ, ಚೆಂಡು ಬಹುಪಾಲು ಆ ಫ್ಲ್ಯಾಗ್ ಕೈಯಲ್ಲಿರುವಾಗ, ಸರಾಸರಿ 14.4 ಗಳಿಸಿದ. ಮೂರು ಪಾಯಿಂಟ್ ಶೇ. 40ರ ಮೇಲೆ, ಫ್ರೀ ಥ್ರೋ ಶೇ. 91. ಹುಡುಗನ ಶಾಟ್ ಮುಂದೆ ನಿಲ್ಲುತ್ತದೋ ಇಲ್ಲವೋ ಅಂತ ಹೇಳಲು ಕಾಲೇಜಿನ ಮೂರು ಪಾಯಿಂಟ್ ಅಂಕಿಗಿಂತ ಫ್ರೀ ಥ್ರೋ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಅಲ್ಲಿ ಯಾರೂ ಅಡ್ಡ ನಿಂತಿರುವುದಿಲ್ಲ, ಕೈ ಹೇಗಿದೆ ಅಂತ ನೇರ ಕಾಣುತ್ತದೆ. ಕನಿಪಲ್ ಹೋಗಿಬಿಟ್ಟಿದ್ದು ಬೇಲಿ ನಿಮ್ಮ ಮುಂದೆ ಬಂದರೆ, ಹೆಸರು ಹೇಳುವ ಮೊದಲು ರಟ್ಗರ್ಸ್ ಸೋತ ಒಂದು ಮ್ಯಾಚಿನ ಎರಡನೇ ಅರ್ಧವನ್ನು ಪೂರ್ತಿ ಹಾಕಿಕೊಂಡು, ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿ. ಹೈಲೈಟ್ ಬೇಡ. ಕ್ಲೇಟನ್ ನಿಮ್ಮ ಲೀಗಿನ ಎರಡನೇ ಸುತ್ತಿನಲ್ಲೂ ಸಿಗುತ್ತಾನೆ, ಅಲ್ಲಿ ತಗೊಳ್ಳಿ. ಅವನಿಗಾಗಲಿ ಇನ್ಯಾವ ಹೊಸಬನಿಗಾಗಲಿ ಈಗಾಗಲೇ ಆಡಿ ತೋರಿಸಿದ ಹಳಬನನ್ನು ಮಾತ್ರ ಕೊಡಬೇಡಿ.