ನಿದ್ದೆಯಲ್ಲಿ ಮಗು ಬೋರಲು ಬಿದ್ದರೆ ತಿರುಗಿಸಬೇಕಾ?

ಪ್ರಶ್ನೆ: ನನ್ನ ಮಗನಿಗೆ ಐದೂವರೆ ತಿಂಗಳು. ಹಗಲು ಚಾಪೆ ಮೇಲೆ ಬಿಟ್ಟರೆ ಅಂಗಾತದಿಂದ ಬೋರಲು, ಬೋರಲಿಂದ ಅಂಗಾತ, ಎರಡೂ ಕಡೆ ಹೊರಳುತ್ತಾನೆ. ಈಗ ರಾತ್ರಿ ನಿದ್ದೆಯಲ್ಲೂ ಶುರು ಮಾಡಿದ್ದಾನೆ. ಉಸಿರು ಕಟ್ಟಿದರೆ ಏನು ಗತಿ ಅಂತ ನಾನು ಎದ್ದೆದ್ದು ತಿರುಗಿಸುತ್ತೇನೆ, ತಿರುಗಿಸಿದ ಕೂಡಲೇ ಎಚ್ಚರವಾಗಿ ಅಳುತ್ತಾನೆ. ಅತ್ತೆ 'ಸುಮ್ನೆ ಬಿಡು, ಮಕ್ಕಳು ಹಾಗೇ ಮಲಗೋದು' ಅನ್ನುತ್ತಾರೆ. ನಮ್ಮವರು ಎರಡೂ ಪಕ್ಕಕ್ಕೆ ಒತ್ತಿ ಇಡುವ ದಿಂಬು ತರಿಸಿದ್ದಾರೆ. ಯಾರ ಮಾತು ಕೇಳಲಿ?
— ದಾವಣಗೆರೆಯ ಒಬ್ಬ ತಾಯಿ

ಉತ್ತರ: ಅತ್ತೆಯ ಮಾತು ಕೇಳಿ, ಆದರೆ ಅರ್ಧ ಮಾತ್ರ.

ಮಲಗಿಸುವಾಗ ಅಂಗಾತವೇ ಮಲಗಿಸಬೇಕು. ರಾತ್ರಿಯಷ್ಟೇ ಅಲ್ಲ, ಮಧ್ಯಾಹ್ನದ ಸಣ್ಣ ನಿದ್ದೆಗೂ. ಒಂದು ವರ್ಷ ತುಂಬುವವರೆಗೂ ಇದೇ ರೂಢಿ ಇರಲಿ. ಹಾಗೆ ಅಂಗಾತ ಮಲಗಿಸಿದ ಮೇಲೆ ಅವನೇ ನಿದ್ದೆಯಲ್ಲಿ ಬೋರಲಾದರೆ ಹಾಗೇ ಬಿಡಿ. ಎರಡೂ ಕಡೆ ತಾನಾಗಿ ಹೊರಳಲು ಬರುವ ಮಗುವಿಗೆ ಕತ್ತಿನಲ್ಲಿ ಬಲ ಬಂದಿರುತ್ತದೆ, ಕೈಯೂರಿ ಎದೆ ಎತ್ತುವುದೂ ಗೊತ್ತಿರುತ್ತದೆ. ಇವತ್ತು ರಾತ್ರಿ ಅವನು ಬೋರಲಾದಾಗ ಸ್ವಲ್ಪ ಹೊತ್ತು ನೋಡಿ. ತಲೆ ಎತ್ತಿ, ಮುಖವನ್ನು ಒಂದು ಪಕ್ಕಕ್ಕೆ ಹಾಕಿ, ಕೆನ್ನೆಯನ್ನು ಹಾಸಿಗೆಗೆ ಒತ್ತಿ, ಮಂಡಿ ಮಡಚಿ ಕುಂಡೆ ಮೇಲೆ ಮಾಡಿಕೊಂಡು ಮಲಗುತ್ತಾನೆ. ಮುಖ ಪಕ್ಕಕ್ಕೆ ಹಾಕುವುದು ಅವನಿಗೆ ಬಂತು ಅಂದರೆ ನಿಮ್ಮ ಕೆಲಸ ಬಹುಪಾಲು ಮುಗಿಯಿತು.

ಉಳಿದದ್ದು ಹಾಸಿಗೆಯ ಕೆಲಸ. ಅತ್ತೆ ಹೇಳದೆ ಬಿಟ್ಟ ಅರ್ಧ ಇದೇ. ಬೋರಲಾದ ಮಗುವಿಗೆ ತೊಂದರೆಯಾಗುವುದು ಹೆಚ್ಚಾಗಿ ಮೆತ್ತನೆಯ ವಸ್ತುವಿನಿಂದ. ಮೂಗು ದಿಂಬಿನಲ್ಲೋ ರಗ್ಗಿನಲ್ಲೋ ಹೂತುಹೋದರೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಹಾಸಿಗೆ ಮೇಲೆ ನಿಮ್ಮ ಅಂಗೈ ಒತ್ತಿ ತೆಗೆಯಿರಿ. ಕೈ ಗುರುತು ಗುಳಿಯಾಗಿ ಉಳಿದರೆ ಆ ಹಾಸಿಗೆ ಬೇಡ. ತೆಳ್ಳಗೆ, ಗಟ್ಟಿಯಾಗಿ, ಸಪಾಟಾಗಿ ಇರುವುದು ಸಾಕು, ಹಾಸಿಗೆಗೆ ಬಿಗಿಯಾಗಿ ಸಿಕ್ಕಿಸಿದ ಒಂದು ಹಾಸುಬಟ್ಟೆ. ತಲೆ ದುಂಡಗಾಗಲಿ ಅಂತ ಇಟ್ಟಿರುವ ಸಾಸಿವೆ ದಿಂಬು, ಗೊಂಬೆ, ಕೌದಿ, ನಿಮ್ಮ ಹಳೇ ಸೀರೆಯ ಮಡಿಕೆ ಎಲ್ಲವೂ ಆಚೆ ಹೋಗಲಿ. ಫ್ಯಾನ್ ಇದೆ ಅಂತ ಕುಲಾವಿ ಹಾಕಿ ಮಲಗಿಸುತ್ತಾರಲ್ಲ, ಅದೂ ಬೇಡ. ಮೈ ಜಾಸ್ತಿ ಬಿಸಿಯಾಗುವುದು ಕೂಡ ಅಪಾಯವೇ.

ಇನ್ನು ನಿಮ್ಮವರು ತರಿಸಿದ ಪಕ್ಕದ ದಿಂಬು. ಪ್ರೀತಿಯಿಂದ ತಂದಿದ್ದಾರೆ, ನಿಜ. ಆದರೆ ದುಡ್ಡು ಕೊಟ್ಟು ತಂದ ತೊಂದರೆ ಅದು. ಮಗು ಮಗ್ಗುಲಾಗದಂತೆ ಹಿಡಿದಿಡುವ ಇಂಥ ದಿಂಬುಗಳಿಗೆ ಮುಖ ಒತ್ತಿಕೊಂಡು ಮಕ್ಕಳು ಉಸಿರುಗಟ್ಟಿ ಸತ್ತಿದ್ದರಿಂದ 2010ರಲ್ಲೇ ಅಮೆರಿಕದ ಸರ್ಕಾರಿ ಸಂಸ್ಥೆಗಳು 'ಇವನ್ನು ಬಳಸಬೇಡಿ' ಎಂದು ಎಚ್ಚರಿಸಿದ್ದವು. ನಮ್ಮಲ್ಲಿ ಇವತ್ತಿಗೂ ಬಾಣಂತಿಯನ್ನು ನೋಡಲು ಬರುವವರು ಉಡುಗೊರೆಯಾಗಿ ತರುತ್ತಾರೆ. ಲೋಡಿನ ಥರ ಸೋಫಾ ಮೇಲೆ ಇಟ್ಟುಕೊಳ್ಳಿ.

ಒಂದು ಮಾತು, ಬೇರೆ ತಾಯಂದಿರಿಗೂ ಸೇರಿ: ಬೋರಲು ಬೀಳಲು ಬರುತ್ತದೆ, ವಾಪಸ್ ತಿರುಗಲು ಬರುವುದಿಲ್ಲ ಅನ್ನುವ ಹಂತ ಕೆಲವು ವಾರ ಇರುತ್ತದೆ, ಸಾಮಾನ್ಯವಾಗಿ ನಾಲ್ಕನೇ ತಿಂಗಳ ಆಸುಪಾಸು. ಆಗ ಕಣ್ಣಿಗೆ ಬಿದ್ದಾಗಲೆಲ್ಲ ಮೆಲ್ಲಗೆ ಅಂಗಾತ ಮಾಡಿ. ಹಾಗಂತ ರಾತ್ರಿಯಿಡೀ ಕಾವಲು ಕೂರಬೇಕಿಲ್ಲ, ನಿದ್ದೆಗೆಟ್ಟ ತಾಯಿ ಮಗುವನ್ನು ಎತ್ತಿಕೊಂಡೇ ಸೋಫಾದಲ್ಲಿ ನಿದ್ದೆ ಹೋದರೆ ಅದು ಇನ್ನೂ ಅಪಾಯ. ಹಗಲು ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ, ಬೋರಲು ಹಾಕಿ ಆಡಿಸಿ. ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಆಗಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ ಅಲ್ಲ, ಮೂರು ನಿಮಿಷ, ಐದು ನಿಮಿಷ, ಅತ್ತರೆ ಎತ್ತಿಕೊಳ್ಳಿ. ತಿರುಗಲು ಕಲಿಯುವುದು ಅಲ್ಲೇ. ತಲೆ ಹಿಂದೆ ಚಪ್ಪಟೆಯಾಗುತ್ತದೆ ಅನ್ನುವ ಚಿಂತೆಗೂ ಸಾಸಿವೆ ದಿಂಬಿಗಿಂತ ಇದೇ ಒಳ್ಳೆಯದು.

ಪ್ರಶ್ನೆ: ನಾನು ಅಜ್ಜಿ. ಬಾಣಂತನಕ್ಕೆ ಅಂತ ಅಮೆರಿಕದ ಡಲ್ಲಾಸ್‌ಗೆ ಬಂದಿದ್ದೇನೆ. ಮೊಮ್ಮಗಳಿಗೆ ಎರಡು ತಿಂಗಳು. ಬೋರಲು ಹಾಕಿದರೆ ಗ್ಯಾಸ್ ಹೋಗಿ ಚೆನ್ನಾಗಿ ಮಲಗುತ್ತಾಳೆ. ಮಗಳು ಬಿಡುವುದೇ ಇಲ್ಲ, ಡಾಕ್ಟರು ಬೈಯುತ್ತಾರಂತೆ. ಅಂಗಾತ ಮಲಗಿ ಹಾಲು ಕಕ್ಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ?
— ಹುಬ್ಬಳ್ಳಿ ಮೂಲದ ಓದುಗರು

ಉತ್ತರ: ಅಮ್ಮಾ, ಇದರಲ್ಲಿ ಮಗಳ ಮಾತೇ ಸರಿ. ನಿಮಗೆ ಬಂದಿರುವ ಅನುಮಾನ ಮಾತ್ರ ಸಣ್ಣದಲ್ಲ. ಒಂದು ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ಇದೇ ಭಯದಿಂದ 'ಬೋರಲು ಮಲಗಿಸಿ' ಅಂತ ಹೇಳುತ್ತಿದ್ದರು. ಆಮೇಲೆ ಬ್ರಿಟನ್, ನ್ಯೂಜಿಲೆಂಡ್ ಮುಂತಾದ ಕಡೆ, ಆರೋಗ್ಯವಾಗಿದ್ದ ಮಕ್ಕಳು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದುದನ್ನು ಕೂತು ಲೆಕ್ಕ ಹಾಕಿದಾಗ, ಅವರಲ್ಲಿ ಬೋರಲು ಮಲಗಿಸಿದ್ದ ಮಕ್ಕಳೇ ಜಾಸ್ತಿ ಇದ್ದದ್ದು ಗೊತ್ತಾಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಸಲಹೆ ಬದಲಿಸಿತು, 1994ರಲ್ಲಿ 'ಬ್ಯಾಕ್ ಟು ಸ್ಲೀಪ್' (ಮಲಗಿಸಲು ಬೆನ್ನ ಮೇಲೆ) ಅಂತ ದೊಡ್ಡ ಪ್ರಚಾರವೇ ನಡೆಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಂಥ ಸಾವು ಅಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊಸ ಔಷಧಿ ಇಲ್ಲ, ಮಿಷಿನ್ ಇಲ್ಲ, ಮಗುವನ್ನು ಅಂಗಾತ ಹಾಕಿದ್ದೇ ಅದರಲ್ಲಿ ದೊಡ್ಡ ಬದಲಾವಣೆ.

ಹಾಲಿನ ವಿಷಯಕ್ಕೆ ಬನ್ನಿ. ಉಸಿರಿನ ಕೊಳವೆ ಮುಂದೆ, ಅನ್ನನಾಳ ಅದರ ಹಿಂದೆ ಇರುತ್ತದೆ. ಮಗು ಅಂಗಾತ ಇದ್ದಾಗ ಉಸಿರಿನ ಕೊಳವೆ ಮೇಲೆ ಬರುತ್ತದೆ, ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಅದರೊಳಗೆ ಹೋಗುವುದು ಸುಲಭವಲ್ಲ, ಕೂಸು ನುಂಗಿಕೊಳ್ಳುತ್ತದೆ ಅಥವಾ ಕೆಮ್ಮುತ್ತದೆ. ಬೋರಲು ಹಾಕಿದರೆ ಇದು ಉಲ್ಟಾ ಆಗುತ್ತದೆ.

'ಬೋರಲು ಹಾಕಿದರೆ ಚೆನ್ನಾಗಿ ಮಲಗುತ್ತಾಳೆ' ಅಂದಿರಲ್ಲ, ನಿಜವೇ. ಆದರೆ ತೊಂದರೆ ಇರುವುದೂ ಅಲ್ಲೇ. ಬೋರಲಲ್ಲಿ ನಿದ್ದೆ ಗಾಢ, ಉಸಿರಿಗೆ ತೊಂದರೆಯಾದರೂ ಎಳೆ ಮಗು ಬೇಗ ಎಚ್ಚರಗೊಳ್ಳುವುದಿಲ್ಲ. ಎರಡರಿಂದ ನಾಲ್ಕು ತಿಂಗಳು ಇದಕ್ಕೆ ತೀರಾ ನಾಜೂಕಿನ ಸಮಯ, ಮೊಮ್ಮಗಳು ಈಗ ಅಲ್ಲೇ ಇದ್ದಾಳೆ. ಗ್ಯಾಸಿಗೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ. ಎಚ್ಚರವಿದ್ದಾಗ ನಿಮ್ಮ ತೊಡೆ ಮೇಲೆ ಬೋರಲು ಹಾಕಿ ಬೆನ್ನು ಸವರಿ. ಅದಕ್ಕೆ ಡಾಕ್ಟರೂ ಬೈಯುವುದಿಲ್ಲ, ಮಗಳೂ ಬೈಯುವುದಿಲ್ಲ.

ಪ್ರಶ್ನೆ: ಮೂರೂವರೆ ತಿಂಗಳ ಮಗುವನ್ನು ಕೈಕಾಲು ಸೇರಿಸಿ ಬಟ್ಟೆ ಸುತ್ತಿ ಸೀರೆಯ ಜೋಲಿಯಲ್ಲಿ ಮಲಗಿಸುತ್ತೇವೆ. ಈಗ ಮಗ್ಗುಲಾಗಲು ನೋಡುತ್ತಿದೆ. ಮುಂದುವರಿಸಬಹುದಾ?
— ಚಾಮರಾಜನಗರ

ಉತ್ತರ: ಬಟ್ಟೆ ಸುತ್ತುವುದನ್ನು ಇವತ್ತೇ ನಿಲ್ಲಿಸಿ. ಸುತ್ತಿದ ಮಗು ಬೋರಲಾದರೆ ಕೈಯೂರಿ ಮುಖ ಎತ್ತಲು ಆಗುವುದಿಲ್ಲ. ಒಂದೆರಡು ರಾತ್ರಿ ಬೆಚ್ಚಿ ಬೆಚ್ಚಿ ಎದ್ದೀತು, ಆಮೇಲೆ ರೂಢಿಯಾಗುತ್ತದೆ.

ಜೋಲಿಯ ವಿಷಯ ಹೇಳಿದರೆ ಮನೆಯ ಹಿರಿಯರಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಮಗು ಮಗ್ಗುಲಾದರೆ ಸೀರೆಯೇ ಮುಖಕ್ಕೆ ಬರುತ್ತದೆ, ಹೊರಳಿ ಬಿಡಿಸಿಕೊಳ್ಳಲು ಅಲ್ಲಿ ಜಾಗ ಇಲ್ಲ. ಅಳು ನಿಲ್ಲಿಸಲು ನೀವು ಪಕ್ಕದಲ್ಲೇ ನಿಂತು ತೂಗುವುದು ಬೇರೆ ಮಾತು. ಕಣ್ಣು ಮುಚ್ಚಿದ ಮೇಲೆ ಎತ್ತಿ ಸಪಾಟು ಹಾಸಿಗೆಗೆ ಹಾಕಿ. ತೂಗಲು ಬಿಟ್ಟು ಅಡುಗೆ ಮನೆಗೆ ಹೋಗಬೇಡಿ.

ಪ್ರಶ್ನೆ: ಆರು ತಿಂಗಳ ಮಗಳು ಮಂಚದ ಮೇಲೆ ಹೊರಳಿ ಹೊರಳಿ ಅಂಚಿಗೆ ಬರುತ್ತಾಳೆ. ಗೋಡೆಗೆ ಮಂಚ ತಳ್ಳಿ, ಇನ್ನೊಂದು ಕಡೆ ದಿಂಬು ಇಟ್ಟರೆ ಸಾಕಾ?
— ತುಮಕೂರು

ಉತ್ತರ: ಸಾಲದು. ದಿಂಬನ್ನು ಅವಳು ಹತ್ತಿ ದಾಟುತ್ತಾಳೆ, ಇಲ್ಲವೇ ಅದಕ್ಕೇ ಮುಖ ಒತ್ತಿಕೊಳ್ಳುತ್ತಾಳೆ. ಗೋಡೆ ಮತ್ತು ಮಂಚದ ಸಂದಿನಲ್ಲಿ ಮಗು ಸಿಕ್ಕಿಕೊಳ್ಳುವುದೂ ಉಂಟು. ಸದ್ಯಕ್ಕೆ ಮಂಚ ಬಿಟ್ಟು ನೆಲದ ಮೇಲೆ ಅವಳಿಗೊಂದು ತೆಳು ಹಾಸಿಗೆ, ಪಕ್ಕದಲ್ಲಿ ನಿಮ್ಮದೊಂದು. ಸೊಳ್ಳೆ ಪರದೆ ಕಟ್ಟಿದರೆ ಹಾಸಿಗೆಯಿಂದ ದೂರಕ್ಕೆ ಬಿಗಿಯಾಗಿ ಕಟ್ಟಿ. ಒಂದು ವೇಳೆ ಮೊದಲೇ ಬಿದ್ದಿದ್ದರೆ, ಬಿದ್ದ ಮೇಲೆ ವಾಂತಿ, ಮಂಪರು, ಹಾಲು ಬೇಡ ಅನ್ನುವುದು, ತಲೆಯಲ್ಲಿ ಊತ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.